ಗುಡುಗಿಗೆ ಹೆದರಿ ಹುಟ್ಟಿದ್ದಲ್ಲ ದೇವರು

ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿದು ಹದಿನೈದು ದಿನ ಕಳೆಯುವಷ್ಟರಲ್ಲಿ ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: ದೇವರ ಮೇಲಿನ ನಂಬಿಕೆ ಮನುಷ್ಯನಲ್ಲಿ ಹುಟ್ಟಿದ್ದು ಹೇಗೆ? ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದ ಮಕ್ಕಳಿಗೂ ಐನ್‌ಮನೆಯ (ಮನೆತನದ ಮೂಲಮನೆಯ) ಹಿರಿಯರಿಗೂ ಊಟದ ನಡುವೆ ವಾದ ಹತ್ತಿರುತ್ತದೆ, ತೀರ್ಪಿಗೆ ನನಗೊಂದು ಕಾಗದ. ಮಾನವಶಾಸ್ತ್ರ ಪಾಠ ಮಾಡಿದ ಮೂವತ್ತು ವರ್ಷವೂ ಇದೇ ಪ್ರಶ್ನೆ ಕೇಳಿಸಿಕೊಂಡೆ, ನಿವೃತ್ತಳಾದ ಮೇಲೂ ತಪ್ಪಲಿಲ್ಲ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ವಿಕಾಸ ಎಂದರೇನು, ನೈಸರ್ಗಿಕ ಆಯ್ಕೆ ಎಂದರೇನು ಎಂದು ಕೇಳುವವರು ಹೈಸ್ಕೂಲಿನ ವಿಜ್ಞಾನ ಪುಸ್ತಕ ತೆಗೆದು ನೋಡಿ. ಅದಕ್ಕೆ ಇಲ್ಲಿ ಜಾಗವಿಲ್ಲ.

ಪ್ರಶ್ನೆ: ದೇವರನ್ನು ನಂಬುವುದಕ್ಕೆ ಒಂದು ಜೀನ್ ಇದೆಯಂತೆ, ನಿಜವೇ? (ಕುಶಾಲನಗರ)

ಇಲ್ಲ. 2004ರಲ್ಲಿ ಒಬ್ಬ ಅಮೆರಿಕನ್ ವಿಜ್ಞಾನಿ ಹಾಗೆಂದು ಪುಸ್ತಕ ಬರೆದರು, ವಿಜ್ಞಾನದ ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ. ನಿಮ್ಮ ಭಕ್ತಿಯನ್ನು ರಕ್ತದಲ್ಲಿ ಅಳೆದು ಕೊಡುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ತಲೆಗೆ ಕಾಂತದ ಹೆಲ್ಮೆಟ್ ಹಾಕಿದರೆ ದೈವದ ಅನುಭವವಾಗುತ್ತದೆ ಎಂದು ವಿಡಿಯೊದಲ್ಲಿ ನೋಡಿದೆ. (ಸುಂಟಿಕೊಪ್ಪ)

ಸ್ವೀಡನ್ನಿನವರು 2005ರಲ್ಲಿ ಅದೇ ಪ್ರಯೋಗವನ್ನು ಬಿಗಿಯಾಗಿ ಮಾಡಿದರು. ಕಾಂತ ಚಾಲೂ ಇದೆಯೋ ಇಲ್ಲವೋ ಎಂಬುದು ಹೆಲ್ಮೆಟ್ ಹಾಕಿಕೊಂಡವರಿಗೂ ಗೊತ್ತಿರಲಿಲ್ಲ, ಹಾಕಿಸಿದವರಿಗೂ ಗೊತ್ತಿರಲಿಲ್ಲ. ಕಾಂತಕ್ಕೂ ಅನುಭವಕ್ಕೂ ನಂಟು ಕಾಣಲಿಲ್ಲ. ಅಲ್ಲಿಗೆ ಮುಗಿಯಿತು.

ಪ್ರಶ್ನೆ: ಗುಡುಗು ಸಿಡಿಲಿಗೆ ಹೆದರಿದ ಆದಿಮಾನವ ದೇವರನ್ನು ಕಲ್ಪಿಸಿಕೊಂಡ ಎಂದು ಓದಿದ್ದೇನೆ. ಈಗ ಗುಡುಗು ಹೇಗೆ ಬರುತ್ತದೆಂದು ಎಲ್ಲರಿಗೂ ಗೊತ್ತು. ಆದರೂ ಎಂ.ಎಸ್ಸಿ. ಓದಿದ ನನ್ನ ಅಪ್ಪ ಕಾರೋಣರಿಗೆ (ಪೂರ್ವಜರಿಗೆ) ಎಡೆ ಇಡದೆ ಹಬ್ಬದ ಊಟಕ್ಕೆ ಕೂರುವುದಿಲ್ಲ. ವಿಕಾಸವಾದದ ಪ್ರಕಾರ ಇದು ಬಾಲದ ಮೂಳೆಯ ಹಾಗೆ, ಉಪಯೋಗವಿಲ್ಲದೆ ಉಳಿದುಕೊಂಡದ್ದು ಅಲ್ಲವೇ ಮೇಡಂ? (ಗೋಣಿಕೊಪ್ಪದ ಕಾಲೇಜು ವಿದ್ಯಾರ್ಥಿ)

ನನ್ನ ವಿದ್ಯಾರ್ಥಿಗಳ ವಯಸ್ಸಿನವನು, ಆದ್ದರಿಂದ ನೀನು ಎಂದೇ ಬರೆಯುತ್ತೇನೆ. ಮೊದಲು ಆ ಗುಡುಗಿನ ಕತೆಯನ್ನು ಬಿಡು. ನಮ್ಮ ಮನೆಯ ನಾಯಿ ಗುಡುಗು ಕೇಳಿದರೆ ಮಂಚದ ಕೆಳಗೆ ತೂರುತ್ತದೆ, ದನಗಳು ಕೊಟ್ಟಿಗೆಯಲ್ಲಿ ಹಗ್ಗ ಎಳೆದಾಡುತ್ತವೆ. ಹೆದರಿಕೆ ಎಲ್ಲ ಪ್ರಾಣಿಗೂ ಇದೆ, ಗುಡಿ ಕಟ್ಟಿದ್ದು ಮನುಷ್ಯ ಮಾತ್ರ. ಹಾಗಾದರೆ ಹೆದರಿಕೆಯೊಂದೇ ಕಾರಣವಾಗಲಾರದು. ಇಷ್ಟು ಸರಳವಾದ ತರ್ಕವನ್ನು ಪಠ್ಯ ಬರೆಯುವವರೂ ಯೋಚಿಸುವುದಿಲ್ಲವಲ್ಲ ಎಂಬುದೇ ನನ್ನ ಸಿಟ್ಟು.

ಹೋದ ನವೆಂಬರಿನಲ್ಲಿ ಒಂದು ಸಂಜೆ ತೋಟದ ಒಳದಾರಿಯಲ್ಲಿ ಬರುತ್ತಿದ್ದೆ. ಆರೂವರೆ ದಾಟಿತ್ತು, ರೋಬಸ್ಟ ಕಾಫಿ ಗಿಡಗಳ ಸಾಲು ಕಪ್ಪಾಗಿತ್ತು. ಬಲಗಡೆ ಚಟ್ ಎಂದಿತು. ಕಾಲು ನೆಲಕ್ಕೆ ಅಂಟಿತು. ನನ್ನ ತಲೆಯಲ್ಲಿ ಮೊದಲು ಎದ್ದ ಮಾತು ‘ಏನು?’ ಅಲ್ಲ, ‘ಯಾರು?’. ಆ ವಾರ ಆನೆ ಇಳಿದಿತ್ತು. ಟಾರ್ಚ್ ಬಿಟ್ಟು ನೋಡಿದರೆ ಸಿಲ್ವರ್ ಓಕ್ ಮರದ ಒಣಗಿದ ರೆಂಬೆ. ಈಗ ಲೆಕ್ಕ ಹಾಕು. ರೆಂಬೆಯನ್ನು ಆನೆ ಅಂದುಕೊಂಡರೆ ನಷ್ಟ ನಾಲ್ಕು ಉಸಿರು. ಆನೆಯನ್ನು ರೆಂಬೆ ಅಂದುಕೊಂಡರೆ ಜೀವವೇ ಹೋಯಿತು. ಲಕ್ಷಾಂತರ ವರ್ಷ ಈ ಲೆಕ್ಕದಲ್ಲಿ ಉಳಿದುಬಂದ ಕಿವಿ ನಮ್ಮದು, ಸದ್ದು ಕೇಳಿದರೆ ಅದರ ಹಿಂದೆ ‘ಯಾರೋ’ ಇದ್ದಾರೆ ಎಂದೇ ಮೊದಲು ಹೇಳುತ್ತದೆ. ಡಾರ್ವಿನ್ 1871ರಲ್ಲೇ ಇದರ ಹತ್ತಿರಕ್ಕೆ ಬಂದಿದ್ದ. ಬಿಸಿಲಲ್ಲಿ ಹುಲ್ಲಿನ ಮೇಲೆ ಬಿಚ್ಚಿಟ್ಟ ಕೊಡೆ ಗಾಳಿಗೆ ಅಲುಗಿದಾಗಲೆಲ್ಲ ಅವನ ನಾಯಿ ಗುರುಗುಟ್ಟಿ ಬೊಗಳುತ್ತಿತ್ತಂತೆ. ಕಾಣದ ಯಾರೋ ಅಲ್ಲಿದ್ದಾರೆ ಎಂದು ನಾಯಿಗೂ ಅನಿಸಿರಬೇಕು ಎಂದು ಬರೆದ.

ಆದರೆ ಕಿವಿಯೊಂದರಿಂದ ದೇವರು ಹುಟ್ಟುವುದಿಲ್ಲ. ರೆಂಬೆ ಎಂದು ಗೊತ್ತಾದ ಮೇಲೆ ನಾನು ಮನೆಗೆ ಹೋಗಿ ಕಾಫಿ ಕುಡಿದೆ, ಆ ಸದ್ದಿಗೆ ಯಾರೂ ಕಲ್ಲು ನೆಡಲಿಲ್ಲ. ಇನ್ನೊಂದು ಶಕ್ತಿ ಜೊತೆಗೂಡಬೇಕು. ಎದುರಿಗಿರುವವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವ ಶಕ್ತಿ ಅದು. ಗುಂಪಿನಲ್ಲಿ ಬಾಳುವ ನಮಗೆ ಅದಿಲ್ಲದಿದ್ದರೆ ಒಂದು ದಿನ ಕಳೆಯುವುದಿಲ್ಲ, ಹಾಗೆಯೇ ಅದನ್ನು ಬೇಕೆಂದಾಗ ನಿಲ್ಲಿಸಲೂ ಆಗುವುದಿಲ್ಲ. ನಮ್ಮ ಅಜ್ಜಿ ತೀರಿಕೊಂಡ ಮೇಲೆ ಎಷ್ಟೋ ತಿಂಗಳು ನಾನು ಅವರ ಕೋಣೆಯ ಮುಂದೆ ಹಾದುಹೋಗುವಾಗ ಹೆಜ್ಜೆ ಹಗುರ ಮಾಡುತ್ತಿದ್ದೆ. ಮಲಗಿದ್ದವರು ಎದ್ದಾರು ಎಂದು. ಅಜ್ಜಿ ಇಲ್ಲ ಎಂಬುದು ನನಗೆ ಗೊತ್ತಿರಲಿಲ್ಲವೇ? ದೇಹ ಹೋಯಿತೆಂದು ತಿಳಿದರೂ ಅವರಿಗೆ ಏನನ್ನಿಸೀತು ಎಂದು ಲೆಕ್ಕ ಹಾಕುವ ಮನಸ್ಸಿನ ಭಾಗ ತನ್ನ ಕೆಲಸ ನಿಲ್ಲಿಸಿರಲಿಲ್ಲ. ಸತ್ತವರು ಇನ್ನೂ ಇದ್ದಾರೆ ಎಂಬ ಭಾವ ಹುಟ್ಟುವುದು ಅಲ್ಲಿಂದ. ಅದು ಮೂಢತನವಲ್ಲ, ಪ್ರೀತಿಯ ಯಂತ್ರ ಒಮ್ಮೆಲೇ ನಿಲ್ಲದಿರುವುದು.

ಇಸ್ರೇಲಿನ ಕಫ್ಜೆ ಗುಹೆಯಲ್ಲಿ ಸುಮಾರು 90 ಸಾವಿರ ವರ್ಷಗಳ ಹಿಂದೆ ಹುಗಿದ ಮಗುವೊಂದರ ಎಲುಬು ಸಿಕ್ಕಿದೆ, ಎದೆಯ ಬಳಿ ಜಿಂಕೆಯ ಕೊಂಬು ಇಟ್ಟಿದ್ದಾರೆ. ಇದು ದೇವರಿಗೆ ಸಾಕ್ಷಿಯಲ್ಲ, ಪರಲೋಕಕ್ಕೂ ಸಾಕ್ಷಿಯಲ್ಲ. ಆ ಮಗುವನ್ನು ಬಿಸಾಡಲು ಮನಸ್ಸು ಬರಲಿಲ್ಲ ಎಂಬುದಕ್ಕೆ ಮಾತ್ರ ಸಾಕ್ಷಿ. ಕೆಲವರು ಸತ್ತವರ ಜೊತೆ ಹೂವಿಟ್ಟರು ಎನ್ನಲಾದ ಇರಾಕಿನ ಶಾನಿದಾರ್ ಗುಹೆಯ ‘ಹೂವಿನ ಸಮಾಧಿ’ಯನ್ನು ಕಂಡಕಂಡಲ್ಲಿ ಉದ್ಧರಿಸುತ್ತಾರೆ. ಅಲ್ಲಿ ಸಿಕ್ಕ ಪರಾಗವನ್ನು ನೆಲದಲ್ಲಿ ಗೂಡು ಮಾಡುವ ಜೇನುಗಳೋ ಇಲಿಗಳೋ ತಂದಿರಬಹುದು ಎಂಬ ವಾದ ಬಲವಾಗಿದೆ. ದಯವಿಟ್ಟು ಅದನ್ನು ಭಾಷಣದಲ್ಲಿ ಬಳಸಬೇಡಿ.

ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವ 33 ಸಮಾಜಗಳನ್ನು ಹೋಲಿಸಿದ ಅಧ್ಯಯನವೊಂದು 2016ರಲ್ಲಿ ಬಂತು. ಮರ, ಕಲ್ಲು, ಪ್ರಾಣಿ ಎಲ್ಲದರಲ್ಲೂ ಚೇತನವಿದೆ ಎಂಬ ಭಾವವೇ ಅದರ ಪ್ರಕಾರ ಎಲ್ಲಕ್ಕಿಂತ ಹಳೆಯದು. ಸತ್ತ ಮೇಲೂ ಬದುಕಿದೆ ಎಂಬ ನಂಬಿಕೆ, ಮೈಮೇಲೆ ಬರಿಸಿಕೊಳ್ಳುವವರು, ಆಮೇಲೆ ಪೂರ್ವಜರ ಪೂಜೆ, ಇವೆಲ್ಲ ಅದರ ನಂತರದವು. ಎಲ್ಲರ ನಡತೆಯನ್ನು ಮೇಲಿನಿಂದ ನೋಡುವ ದೊಡ್ಡ ದೇವರು ಆ ಅತಿ ಹಳೆಯ ಕಾಲದಲ್ಲಿ ಇರಲಿಲ್ಲ. ‘ಧರ್ಮ’ ಎಂಬ ಒಂದೇ ಪದದಲ್ಲಿ ನಾವು ಇವನ್ನೆಲ್ಲ ಗಂಟು ಕಟ್ಟಿ, ಈ ಗಂಟು ಯಾವಾಗ ಹುಟ್ಟಿತು ಎಂದು ಕೇಳುತ್ತೇವೆ. ಗಂಟು ಬಿಚ್ಚಿದರೆ ಒಂದೊಂದಕ್ಕೆ ಒಂದೊಂದು ವಯಸ್ಸು.

ಗಂಟಿನಲ್ಲಿ ಇನ್ನೂ ಒಂದಿದೆ, ಕಾಲು. ನನ್ನ ಚಿಕ್ಕಪ್ಪನಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು. ಮನೆಯ ಮೆಟ್ಟಿಲಿಳಿಯಲು ಗೋಡೆ ಹಿಡಿಯುತ್ತಾರೆ. ಪುತ್ತರಿ ಕೋಲಾಟದ ದಿನ ಕುಪ್ಯ (ಕೊಡವರ ನಿಲುವಂಗಿ) ತೊಟ್ಟು ಊರವರು ಸೇರಿ ಕುಣಿಯುವ ಬಯಲಾದ ಮಂದ್‌ಗೆ ಬಂದರು. ಕೋಲಿಗೆ ಕೋಲು ತಾಗುವ ಸದ್ದು ಒಂದೇ ಲಯಕ್ಕೆ ಬಂದ ಮೇಲೆ ಅವರ ಮುಖ ನೋಡುತ್ತಾ ನಿಂತೆ. ಬಗ್ಗಿ, ಎದ್ದು, ಸುತ್ತಿ, ಮತ್ತೆ ಬಗ್ಗಿ, ಮುಖದಲ್ಲಿ ನೋವಿನ ಒಂದು ಗೆರೆಯೂ ಇಲ್ಲ. ನೋವು ಬಂದದ್ದು ಮರುದಿನ ಬೆಳಿಗ್ಗೆ. ಆಕ್ಸ್‌ಫರ್ಡ್‌ನಲ್ಲಿ ದೋಣಿ ಹುಟ್ಟು ಹಾಕುವ ಬೆರಳೆಣಿಕೆಯ ಹುಡುಗರ ಮೇಲೆ ಒಂದು ಪ್ರಯೋಗ ಮಾಡಿದ್ದರು. ಅಷ್ಟೇ ಶ್ರಮ, ಆದರೂ ಒಬ್ಬೊಬ್ಬರೇ ಮಾಡಿದಾಗಿನದಕ್ಕಿಂತ ಜೊತೆಯಾಗಿ ಲಯದಲ್ಲಿ ಮಾಡಿದಾಗ ನೋವು ತಾಳುವ ಶಕ್ತಿ ಹೆಚ್ಚಿತ್ತು. ಸ್ಪೇನಿನ ಸಾನ್ ಪೆದ್ರೊ ಮನ್ರಿಕೆ ಎಂಬ ಹಳ್ಳಿಯಲ್ಲಿ ಕೆಂಡ ಹಾಯುವವರ ಎದೆಬಡಿತವನ್ನೂ ನೋಡುತ್ತಾ ನಿಂತವರ ಎದೆಬಡಿತವನ್ನೂ ಅಳೆದರು. ನೆಂಟರಿಷ್ಟರ ಎದೆ ಹಾಯುವವರ ಎದೆಯ ಜೊತೆಗೇ ಏರಿ ಇಳಿಯಿತು, ಹೊರಗಿನಿಂದ ನೋಡಲು ಬಂದವರದ್ದು ಹಾಗಾಗಲಿಲ್ಲ. ಕದಿರು ತೆಗೆಯುವಾಗ ‘ಪೊಲಿ ಪೊಲಿ ದೇವಾ’ ಎಂದು ಗದ್ದೆ ತುಂಬ ಕೂಗಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹರಕೆಯದ್ದೂ ಒಂದು ಮಾತು ಹೇಳಬೇಕು. 19ನೇ ಶತಮಾನದ ಅಮೆರಿಕದಲ್ಲಿ ಒಟ್ಟಿಗೆ ಬಾಳಲು ಹೊರಟ 83 ಸಮುದಾಯಗಳ ದಾಖಲೆ ತೆಗೆದು ನೋಡಿದಾಗ, ಧಾರ್ಮಿಕ ಸಮುದಾಯಗಳಲ್ಲಿ ಸದಸ್ಯರಿಂದ ಹೆಚ್ಚು ತ್ಯಾಗ ಕೇಳಿದವು ಹೆಚ್ಚು ಕಾಲ ಬಾಳಿದ್ದವು. ಬರೀ ತತ್ವಕ್ಕಾಗಿ ಕೂಡಿದವರಲ್ಲಿ ಅದೇ ತ್ಯಾಗದಿಂದ ಆ ಫಲ ಸಿಗಲಿಲ್ಲ. ಬಾಯಿಮಾತಿಗೆ ಖರ್ಚಿಲ್ಲ, ಯಾರೂ ಆಡಬಹುದು. ಮೈ ದಣಿಸಿ, ಕೈಯಿಂದ ಕಳೆದು ತೋರಿಸಿದವನನ್ನು ಗುಂಪು ನಂಬುತ್ತದೆ.

ಈಗ ನಿನ್ನ ಬಾಲದ ಮೂಳೆ. ವಿದ್ವಾಂಸರಲ್ಲಿ ಎರಡು ಪಕ್ಷ ಇದೆ. ಧರ್ಮ ಬೇರೆ ಕೆಲಸಕ್ಕಾಗಿ ಬೆಳೆದ ಶಕ್ತಿಗಳ ಉಪಫಲ ಎನ್ನುವವರು ಒಂದು ಕಡೆ, ಗುಂಪನ್ನು ಕಟ್ಟಿದ್ದರಿಂದಲೇ ಅದು ಉಳಿಯಿತು ಎನ್ನುವವರು ಇನ್ನೊಂದು ಕಡೆ. ಕಿವಿಯೂ ಸತ್ತವರ ನೆನಪೂ ಉಪಫಲ, ಕೋಲಾಟವೂ ಹರಕೆಯೂ ಜನ ಅದರ ಮೇಲೆ ಕಟ್ಟಿಕೊಂಡದ್ದು. ಇದು ನನ್ನ ಅಭಿಪ್ರಾಯ. ಇನ್ನು ಬಾಲದ ಮೂಳೆಗೆ ಉಪಯೋಗವಿಲ್ಲ ಎಂದು ನಿನಗೆ ಯಾರು ಹೇಳಿದರು? ಸೊಂಟದ ತಳದ ಸ್ನಾಯುಗಳು ಅದಕ್ಕೇ ಅಂಟಿಕೊಂಡಿವೆ, ಕೂತಾಗ ಭಾರ ಹೊರುವುದರಲ್ಲಿ ಅದಕ್ಕೂ ಪಾಲಿದೆ. ಬಾಲ ಹೋದ ಮೇಲೆ ಅದಕ್ಕೆ ಬೇರೆ ಕೆಲಸ ಸಿಕ್ಕಿತು.

ನಿನ್ನ ಅಪ್ಪ ಎಡೆ ಇಡುವುದು ಗುಡುಗಿನ ಭೌತಶಾಸ್ತ್ರ ಗೊತ್ತಿಲ್ಲದೆ ಅಲ್ಲ. ನಮಗಿಂತ ಮುಂಚೆ ಈ ಮನೆಯಲ್ಲಿ ಊಟ ಮಾಡಿದವರು ಯಾರು ಎಂಬುದು ಅವರ ಪ್ರಶ್ನೆ, ಅದಕ್ಕೆ ಹವಾಮಾನ ಇಲಾಖೆ ಉತ್ತರ ಕೊಡುವುದಿಲ್ಲ. ಒಂದು ನಂಬಿಕೆ ಹೇಗೆ ಹುಟ್ಟಿತು ಎಂದು ತೋರಿಸಿದ ಮಾತ್ರಕ್ಕೆ ಅದು ನಿಜವೋ ಸುಳ್ಳೋ ಎಂಬುದೂ ತೀರ್ಮಾನವಾಗುವುದಿಲ್ಲ. ನಿನ್ನಂಥ ಚುರುಕು ಹುಡುಗರು ಈ ಎರಡನ್ನೂ ಕಲಸಿಬಿಡುತ್ತೀರಿ.

ಆದರೆ ಅಪ್ಪನ ಪರವಾಗಿ ಪೂರ್ತಿ ಮಾತಾಡಿದೆನೆಂದು ತಿಳಿಯಬೇಡ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ನಮ್ಮ ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ 1952ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಆಚರಣೆ ಹೇಗೆ ಒಕ್ಕವನ್ನು (ಮನೆತನವನ್ನು), ಊರನ್ನು, ನಾಡನ್ನು ಹೆಣೆಯುತ್ತದೆ ಎಂದು ತೋರಿಸಿದರು. ಹೆಣೆಯುವಾಗ ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನೂ ಅದೇ ಆಚರಣೆ ಹೇಳಿಬಿಡುತ್ತದೆ. ಎಂಟು ಬೇರೆ ಬೇರೆ ಸಮುದಾಯಗಳ 591 ಜನರ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಒಳಗಿನವರು ಹೊರಗಿನವರು ಎಂಬ ಗೆರೆ ಕಂಡಿತು. ದೇವರು ಎಲ್ಲ ಬಲ್ಲ, ತಪ್ಪಿಗೆ ಶಿಕ್ಷಿಸುತ್ತಾನೆ ಎಂದು ನಂಬಿದವರು ದೂರದ ಅಪರಿಚಿತರಿಗೂ ನ್ಯಾಯವಾಗಿ ಪಾಲು ಕೊಟ್ಟರು. ಆದರೆ ಆ ಅಪರಿಚಿತರು ತಮ್ಮದೇ ಧರ್ಮದವರು. ಮುಂದಿನ ಪುತ್ತರಿಗೆ ಎಡೆ ಇಡುವಾಗ ಅಪ್ಪನ ಪಕ್ಕ ನಿಂತುಕೊ, ಮೂಲಪುರುಷನಾದ ಗುರುಕಾರೋಣನಿಂದ ಹಿಡಿದು ಎಷ್ಟು ಹೆಸರು ಗೊತ್ತೋ ಅಷ್ಟೂ ಕೇಳಿ ಬರೆದುಕೊ. ಆಮೇಲೆ ಮಂದ್‌ನಲ್ಲಿ ವಾದ್ಯ ಬಾರಿಸಿದವರು ಎಲ್ಲಿ ಕೂತು ಊಟ ಮಾಡಿದರು ಎಂದೂ ನೋಡು. ಜಗಳ ಮಾತ್ರ ಹಬ್ಬದ ದಿನ ಬೇಡ.

ಪ್ರಶ್ನೆ: ತೋಟಕ್ಕೆ ಸ್ಪ್ರಿಂಕ್ಲರ್ ಬಂದ ಮೇಲೆ ನಮ್ಮ ಕಡೆ ಹೂಮಳೆಗಾಗಿ (ಕಾಫಿ ಹೂ ಅರಳಿಸುವ ಮಳೆಗಾಗಿ) ಹರಕೆ ಹೊರುವವರು ಕಡಿಮೆಯಾಗಿದ್ದಾರೆ. ಧರ್ಮ ಕುಗ್ಗುತ್ತಿದೆಯೇ? (ಪಾಲಿಬೆಟ್ಟ)

ಒಳ್ಳೆಯ ಪ್ರಶ್ನೆ, ಬಹಳ ದಿನದ ಮೇಲೆ ಬಂದದ್ದು. ಮಾಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ ನೂರು ವರ್ಷದ ಹಿಂದೆ ಟ್ರೋಬ್ರಿಯಾಂಡ್ ದ್ವೀಪದ ಬೆಸ್ತರಲ್ಲಿ ಇದನ್ನೇ ಕಂಡ. ಅಪಾಯವಿಲ್ಲದ ಒಳಕೊಲ್ಲಿಯಲ್ಲಿ ಮೀನು ಹಿಡಿಯುವಾಗ ಮಂತ್ರವಿಲ್ಲ, ತೆರೆದ ಕಡಲಿಗೆ ಹೋಗುವಾಗ ಮಂತ್ರದ ಮೇಲೆ ಮಂತ್ರ. ಕೈಯಲ್ಲಿಲ್ಲದ್ದು ಎಲ್ಲಿದೆಯೋ ಹರಕೆ ಅಲ್ಲಿಗೆ ಹೋಗುತ್ತದೆ. ನಿಮ್ಮ ಊರಿನವರು ಈಗ ಮಗನ ವೀಸಾಕ್ಕೆ, ಕರಿಮೆಣಸಿನ ರೇಟಿಗೆ, ಸ್ಕ್ಯಾನಿಂಗ್ ರಿಪೋರ್ಟಿಗೆ ಹರಕೆ ಹೊರುತ್ತಿದ್ದಾರೆಯೇ ಎಂದು ವಿಚಾರಿಸಿ ನೋಡಿ.

ಪ್ರಶ್ನೆ: 2018ರ ಭೂಕುಸಿತ ದೇವರ ಮುನಿಸು ಎಂದು, ಜ್ಯೋತಿಷಿಯ ಬಳಿ ಪ್ರಶ್ನೆ ಇಡಿಸಿದಲ್ಲಿ ಹೇಳಿದರು. ನೀವೇನಂತೀರಿ? (ಮಡಿಕೇರಿ ತಾಲ್ಲೂಕು)

ಅಲ್ಲ. ಆ ಆಗಸ್ಟಿನಲ್ಲಿ ಸುರಿದ ಮಳೆ, ರಸ್ತೆಗೂ ಮನೆಗೂ ಕಡಿದ ಇಳಿಜಾರು, ಮುಚ್ಚಿಹೋದ ನೀರಿನ ದಾರಿ, ಇವೇ ಮುಖ್ಯ ಕಾರಣ. ಕಷ್ಟ ಬಂದಾಗ ‘ಯಾರು ಮಾಡಿದರು?’ ಎಂದು ಕೇಳುವುದು ಮನಸ್ಸಿನ ಹಳೆಯ ಚಾಳಿ, ಅದಕ್ಕೆ ನಾನು ಯಾರನ್ನೂ ಬಯ್ಯುವುದಿಲ್ಲ. ಬಯ್ಯುವುದು ಆ ಚಾಳಿಯಿಂದ ಹೊಟ್ಟೆ ಹೊರೆಯುವವರನ್ನು. ಮನೆ ಕಳೆದುಕೊಂಡು ಪರಿಹಾರ ಕೇಂದ್ರದಲ್ಲಿದ್ದ ನನಗೆ ಗೊತ್ತಿರುವ ಕುಟುಂಬವೊಂದಕ್ಕೆ, ನೀವು ಕಾರೋಣರನ್ನು ಮರೆತದ್ದರಿಂದಲೇ ಗುಡ್ಡ ಬಂತು ಎಂದು ಹೇಳಿ ಶಾಂತಿಗೆ ದುಡ್ಡು ಕೇಳಿದವರಿದ್ದಾರೆ. ಹೊಸ ಮನೆಗೆ ಜಾಗ ನೋಡುವಾಗ ಪ್ರಶ್ನೆ ಇಡಿಸುವ ಮೊದಲು ಭೂವಿಜ್ಞಾನ ಬಲ್ಲವರಿಂದ ಇಳಿಜಾರು ನೋಡಿಸಿ.

ಪ್ರಶ್ನೆ: ದೇವರಕಾಡುಗಳು ಉಳಿದದ್ದು ದೇವರ ಭಯದಿಂದಲೇ ತಾನೆ?

ಕೊಡಗಿನಲ್ಲಿ ಲೆಕ್ಕಕ್ಕೆ ಸಿಗುವ ದೇವರಕಾಡುಗಳು 1,214. ಅವುಗಳ ಅಂಚಿನಲ್ಲಿ ಕಾಫಿ ಗಿಡ ಎಷ್ಟು ಒಳಗೆ ನುಗ್ಗಿದೆ ಎಂದು ಒಮ್ಮೆ ಹೋಗಿ ನೋಡಿ, ಭಯ ಎಷ್ಟು ಕಾಯುತ್ತದೆ ಎಂದು ತಿಳಿಯುತ್ತದೆ. ವರ್ಷವರ್ಷ ತಪ್ಪದೆ ಹಬ್ಬಕ್ಕೆ ಜನ ಸೇರುವ ಕಾಡಿಗೆ ಕಾಯುವವರಿರುತ್ತಾರೆ.

ಪ್ರಶ್ನೆ: ನೀವು ದೇವರನ್ನು ನಂಬುತ್ತೀರಾ? (ಹನ್ನೊಂದು ಪತ್ರಗಳು)

ಅದು ನನ್ನ ಮನೆಯ ವಿಷಯ.

ಪ್ರಶ್ನೆ: ನನ್ನ ತಂಗಿಯ ಆರು ವರ್ಷದ ಮಗನಿಗೆ ಆಗಾಗ ಕೈಕಾಲು ಸೆಟೆದು ಬಾಯಲ್ಲಿ ನೊರೆ ಬರುತ್ತದೆ. ಗಾಳಿ ಸೋಕಿದೆ ಎಂದು ನೂಲು ಕಟ್ಟಿದ್ದಾರೆ, ಮಾತ್ರೆ ನಿಲ್ಲಿಸಲು ಹೇಳಿದ್ದಾರೆ. ಇಂಥ ನಂಬಿಕೆ ಹೇಗೆ ಹುಟ್ಟಿತು? (ಸೋಮವಾರಪೇಟೆ)

ಅಮ್ಮಾ, ಹೇಗೆ ಹುಟ್ಟಿತು ಎಂಬುದನ್ನು ಇನ್ನೊಂದು ದಿನ ಹೇಳುತ್ತೇನೆ. ನಾನು ವೈದ್ಯೆಯಲ್ಲ, ಆದರೆ ನೀವು ಬರೆದದ್ದು ಅಪಸ್ಮಾರದ ಹಾಗೆ ಕಾಣುತ್ತದೆ. ಅದರ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಸೆಳೆತ ನಿಲ್ಲದೆ ಜೀವಕ್ಕೇ ಅಪಾಯ ಬರಬಹುದು. ನೂಲು ಬಿಚ್ಚಿಸಲು ತಂಗಿಯ ಜೊತೆ ಜಗಳಕ್ಕೆ ನಿಲ್ಲಬೇಡಿ, ಅದು ಕೈಯಲ್ಲಿ ಇದ್ದರೆ ಇರಲಿ. ಮಗುವನ್ನು ನಾಳೆಯೇ ಆ ಮಾತ್ರೆ ಬರೆದ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಮತ್ತೆ ಸೆಳೆತ ಬಂದರೆ ಮಗುವನ್ನು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಚಮಚ ತುರುಕಬೇಡಿ, ಕೈಗೆ ಕಬ್ಬಿಣ ಹಿಡಿಸುತ್ತಾ ಹೊತ್ತು ಕಳೆಯಬೇಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ವೈದ್ಯರು ಏನೆಂದರು ಎಂದು ನನಗೆ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.