ಓದುಗರ ಪ್ರಶ್ನೆ: ಪ್ರಾಜೆಕ್ಟ್ ಮಕ್ಕಳದ್ದಾ, ಅಪ್ಪ ಅಮ್ಮಂದಿರದ್ದಾ?

ಪ್ರಶ್ನೆ: ಮಗ ಎಂಟನೇ ಕ್ಲಾಸು. ತಿಂಗಳಿಗೊಂದು ಪ್ರಾಜೆಕ್ಟ್ ಕೊಡುತ್ತಾರೆ. ಈ ಸಲ 'ಕೆಆರ್‌ಎಸ್ ಅಣೆಕಟ್ಟು'. ರಾತ್ರಿ ಹನ್ನೊಂದರವರೆಗೆ ಥರ್ಮಾಕೋಲ್ ಕೊರೆದಿದ್ದು ನಾನು, ನೀಲಿ ಬಣ್ಣ ಬಳಿದಿದ್ದು ಅವರಪ್ಪ. ಮಗ ನಿದ್ದೆ ಮಾಡಿದ. ಅಂಕ ಪೂರ್ತಿ ಬಂತು. ಇದರಿಂದ ಅವನಿಗೇನು ಬಂತು?
– ಒಬ್ಬ ತಾಯಿ, ಮಂಡ್ಯ

ಉತ್ತರ: ಅವನಿಗೆ ನಿದ್ದೆ ಬಂತು, ನಿಮಗೆ ಬೆನ್ನುನೋವು ಬಂದಿರಬೇಕು! ನಿಮ್ಮ ಮನೆಯಲ್ಲಿ ಮಾತ್ರ ಹೀಗಲ್ಲ ಬಿಡಿ. ಸ್ಟೇಷನರಿ ಅಂಗಡಿಯಲ್ಲಿ ರೆಡಿ ಮಾಡೆಲ್ಲೇ ಸಿಗುತ್ತದೆ ಈಗ, ದುಡ್ಡು ಕೊಟ್ಟರೆ ಆಯ್ತು.

ತಪ್ಪಿರುವುದು ವಿಷಯದಲ್ಲೇ. 'ಕೆಆರ್‌ಎಸ್ ಅಣೆಕಟ್ಟು' ಅಂದರೆ ಅದು ಬರೀ ಹೆಸರು, ಅದರಲ್ಲಿ ಪ್ರಶ್ನೆ ಎಲ್ಲಿದೆ? ಹೆಸರು ಕೊಟ್ಟರೆ ಮಕ್ಕಳು ಫೋಟೋ ಅಂಟಿಸುತ್ತಾರೆ, ಇನ್ನೇನು ಮಾಡಲು ಸಾಧ್ಯ?

ಅದೇ ಅಣೆಕಟ್ಟನ್ನೇ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಪೇಪರ್‌ನಲ್ಲಿ ದಿನಾ ನೀರಿನ ಮಟ್ಟ, ಒಳಹರಿವು, ಹೊರಹರಿವು ಬರುತ್ತದಲ್ವಾ? ನಮ್ಮ ಕಡೆ ಚಹಾ ಅಂಗಡಿಯಲ್ಲೂ ಮೊದಲು ನೋಡುವುದು ಅದನ್ನೇ. ಗರಿಷ್ಠ ಮಟ್ಟ 124.80 ಅಡಿ, ತುಂಬಿದರೆ 49.45 ಟಿಎಂಸಿ. ಮಗನಿಗೆ ಒಂದು ನೋಟ್‌ಬುಕ್ ಕೊಟ್ಟು ಒಂದು ತಿಂಗಳು ಬರೆದಿಡಲು ಹೇಳಿ. ಒಳಹರಿವು 20,000 ಕ್ಯೂಸೆಕ್, ಹೊರಹರಿವು 8,000 ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 12,000 ಘನ ಅಡಿ ಒಳಗೇ ಉಳಿಯಿತು. ದಿನಕ್ಕೆ 86,400 ಸೆಕೆಂಡ್. ಗುಣಿಸಿದರೆ 103.68 ಕೋಟಿ ಘನ ಅಡಿ. ನೂರು ಕೋಟಿ ಘನ ಅಡಿಗೆ ಒಂದು ಟಿಎಂಸಿ, ಅಂದರೆ ಒಂದು ದಿನದಲ್ಲಿ ಒಂದು ಟಿಎಂಸಿಗಿಂತ ಸ್ವಲ್ಪ ಜಾಸ್ತಿನೇ ಸೇರಿತು. ಇಷ್ಟು ಎಂಟನೇ ಕ್ಲಾಸಿನವನಿಗೆ ಬರುವ ಲೆಕ್ಕವೇ.

ಮಜಾ ಇರುವುದು ಮುಂದೆ. ಅಣೆಕಟ್ಟಿನಲ್ಲಿ ನೀರು ಕಡಿಮೆ ಇದ್ದಾಗ ಒಂದು ಟಿಎಂಸಿ ಬಂದರೆ ಮಟ್ಟ ಸರಸರ ಏರುತ್ತದೆ. ತುಂಬುವ ಹೊತ್ತಿಗೆ ಅಷ್ಟೇ ನೀರು ಬಂದರೂ ಒಂದಡಿ ಕೂಡ ಏರುವುದಿಲ್ಲ. ಯಾಕೆ? ಇದನ್ನು ನೀವು ಹೇಳಿಕೊಡಬೇಡಿ, ದಯವಿಟ್ಟು. ಅವನ ನೋಟ್‌ಬುಕ್ಕಿನ ಅಂಕಿಗಳೇ ಅವನನ್ನು ಕೇಳಲಿ. ತಲೆ ಕೆರೆದುಕೊಂಡು ನಿಂತರೆ ಅಡುಗೆಮನೆಯ ಬಾಣಲೆ, ಒಂದು ಲೋಟ, ಒಂದು ಸ್ಕೇಲ್ ಕೈಗೆ ಕೊಡಿ. ಒಂದೊಂದೇ ಲೋಟ ನೀರು ಹಾಕಿ ಪ್ರತಿ ಸಲ ಎಷ್ಟು ಏರಿತು ಅಂತ ಅಳೆಯಲಿ. ಆಮೇಲೆ ಅವನೇ ಬಂದು ಹೇಳುತ್ತಾನೆ, ಮೇಲೆ ಮೇಲೆ ಹೋದಂತೆ ಅಗಲ ಜಾಸ್ತಿ, ಅದಕ್ಕೇ ನೀರು ಹರಡಿಕೊಳ್ಳುತ್ತದೆ ಅಂತ. ಸೃಜನಶೀಲ ಯೋಚನೆ ಅಂತ ಎಲ್ಲರೂ ಹೇಳುತ್ತಾರಲ್ಲ, ನನ್ನ ಮಟ್ಟಿಗೆ ಅದು ಇಲ್ಲಿದೆ, ಥರ್ಮಾಕೋಲ್‌ನಲ್ಲಿ ಅಲ್ಲ.

ಅಂಕದ ಭಯವಿದ್ದರೆ ಮಿಸ್ ಹತ್ತಿರ ಮೊದಲೇ ಮಾತಾಡಿ, ಮಾಡೆಲ್ ಬದಲು ನೋಟ್‌ಬುಕ್ ಮತ್ತು ಗ್ರಾಫ್ ತರುತ್ತಾನೆ ಅಂತ. ಹೆಚ್ಚಿನವರು ಬೇಡ ಅನ್ನುವುದಿಲ್ಲ, ನೋಡಿ.

ಪ್ರಶ್ನೆ: ನಾನು ಹೈಸ್ಕೂಲ್ ಮೇಷ್ಟ್ರು. ಒಂದು ಕ್ಲಾಸಿನಲ್ಲಿ ಐವತ್ತು ಮಕ್ಕಳು, ನಲವತ್ತು ನಿಮಿಷದ ಪೀರಿಯಡ್. ಹತ್ತನೇ ತರಗತಿಗೆ ಸಿಲಬಸ್ ಮುಗಿಸುವುದೇ ಕಷ್ಟ. ಇಂಥ ಪ್ರಾಜೆಕ್ಟ್ ಎಲ್ಲ ಸಾಧ್ಯವೇ?
– ಶಿಕ್ಷಕರು, ಮೈಸೂರು

ಉತ್ತರ: ಸರ್, ಹತ್ತನೇ ಕ್ಲಾಸಿನಲ್ಲಿ ಶುರು ಮಾಡಲು ಹೋಗಬೇಡಿ. ಹೆಚ್ಚಿನ ವಿಷಯಗಳಿಗೆ ಲಿಖಿತ ಪರೀಕ್ಷೆಗೆ 80, ಆಂತರಿಕ ಅಂಕ 20. ಯಾವುದರ ಹಿಂದೆ ಎಲ್ಲರೂ ಓಡುತ್ತಾರೆ ಅಂತ ನಿಮಗೇ ಗೊತ್ತು. ಎಂಟು, ಒಂಬತ್ತರಲ್ಲಿ ಮಾಡಿ. ತಿಂಗಳಿಗೊಂದು ಬೇಡವೇ ಬೇಡ, ಸೆಮಿಸ್ಟರ್‌ಗೆ ಒಂದು ಸಾಕು. ಹತ್ತು ಅವಸರದ ಪ್ರಾಜೆಕ್ಟ್ ಮಾಡಿಸುವುದಕ್ಕಿಂತ ಒಂದನ್ನು ನೆಟ್ಟಗೆ ಮಾಡಿಸುವುದು ಮೇಲು.

ಈ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಶಿಕ್ಷಣತಜ್ಞ ಕಿಲ್‌ಪ್ಯಾಟ್ರಿಕ್ 'ಪ್ರಾಜೆಕ್ಟ್ ಮೆಥಡ್' ಬಗ್ಗೆ ಬರೆದದ್ದು 1918ರಲ್ಲಿ. ಕೈಕೆಲಸದ ಮೂಲಕವೇ ಪಾಠ ಅಂತ ಗಾಂಧೀಜಿ ವಾರ್ಧಾದಲ್ಲಿ ನಯೀ ತಾಲೀಮ್ ಮುಂದಿಟ್ಟದ್ದು 1937ರಲ್ಲಿ. ಇದನ್ನು ಒಪ್ಪದವರೂ ಇದ್ದಾರೆ. ಮಕ್ಕಳನ್ನು ಸುಮ್ನೆ ಬಿಟ್ಟು 'ನೀವೇ ಕಂಡುಹಿಡಿಯಿರಿ' ಅಂದರೆ ಏನೂ ಕಲಿಯುವುದಿಲ್ಲ, ಮೊದಲು ಪಾಠ ಆಗಬೇಕು ಅನ್ನುವುದು ಅವರ ವಾದ. ನನಗೂ ಅದು ಅರ್ಧ ಸರಿ ಅನಿಸುತ್ತದೆ. ಘನ ಅಡಿ ಅಂದರೇನು ಅಂತ ಗೊತ್ತಿಲ್ಲದ ಹುಡುಗನಿಗೆ ಟಿಎಂಸಿ ಲೆಕ್ಕ ಕೊಟ್ಟರೆ ಅವನು ಗೂಗಲ್ ನೋಡಿ ಕಾಪಿ ಹೊಡೆಯುತ್ತಾನೆ ಅಷ್ಟೆ.

ಐದೈದು ಮಕ್ಕಳ ಗುಂಪು ಮಾಡಿ. ಗುಂಪು ಅಂದ ತಕ್ಷಣ ಒಬ್ಬಳು ಕೆಲಸ ಮಾಡುತ್ತಾಳೆ, ನಾಲ್ವರು ಹೆಸರು ಬರೆಸಿಕೊಳ್ಳುತ್ತಾರೆ, ಅದು ಇದ್ದದ್ದೇ. ಅದಕ್ಕೆ ಕೊನೆಯಲ್ಲಿ ಯಾರನ್ನಾದರೂ ಎಬ್ಬಿಸಿ ಒಂದೇ ಪ್ರಶ್ನೆ ಕೇಳಿ: 'ನೀವು ಅಂದುಕೊಂಡ ಹಾಗೆ ಆಗದೇ ಇದ್ದದ್ದು ಯಾವುದು?' ಮಾಡಿದವರಿಗೆ ಬಾಯಿ ತೆರೆದರೆ ಸಾಕು, ಉತ್ತರ ಬರುತ್ತದೆ. ಮಾಡದವರು ಮುಖ ಮುಖ ನೋಡುತ್ತಾರೆ. ಅಂಕ ಅಲ್ಲಿ ಹಾಕಿ, ಚಾರ್ಟಿನ ಬಾರ್ಡರ್ ನೋಡಿ ಹಾಕಬೇಡಿ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ಚಿತ್ರ ಬರೆಯಲು ಬರಲ್ಲ, ಅಕ್ಷರಾನೂ ದುಂಡಗಿಲ್ಲ. ನನಗೆ ಕ್ರಿಯೇಟಿವಿಟಿ ಇಲ್ಲ ಅಂತಾರೆ. ನಮ್ಮದು ಆಲೆಮನೆ.
– ವಿದ್ಯಾರ್ಥಿ, ಪಾಂಡವಪುರ

ಉತ್ತರ: ಆಲೆಮನೆ ಇಟ್ಟುಕೊಂಡು ಚಿತ್ರದ ಚಿಂತೆ ಯಾಕಪ್ಪಾ! ಒಂದು ಕೊಪ್ಪರಿಗೆಯ ಬೆಲ್ಲ ಕಪ್ಪಗಾಗುತ್ತದೆ, ಇನ್ನೊಂದರದ್ದು ಹೊಂಬಣ್ಣ. ನಿಮ್ಮಪ್ಪ ಹಾಲಿಗೆ ಸುಣ್ಣ ಹಾಕುವುದು ನೋಡಿರುತ್ತೀಯ. ಕಬ್ಬಿನ ಹಾಲು ಸ್ವಲ್ಪ ಆಮ್ಲೀಯ, ಸುಣ್ಣ ಅದನ್ನು ತಗ್ಗಿಸುತ್ತದೆ, ಕೊಳೆ ಮೇಲೆ ಬರಲು ಸಹಾಯ ಮಾಡುತ್ತದೆ. ಸ್ಕೂಲ್ ಲ್ಯಾಬಿನಿಂದ ಲಿಟ್ಮಸ್ ಕಾಗದ ತಂದು ಸುಣ್ಣ ಹಾಕುವ ಮೊದಲೊಮ್ಮೆ, ಆಮೇಲೊಮ್ಮೆ ನೋಡು. ಎಷ್ಟು ಸುಣ್ಣಕ್ಕೆ ಎಂಥ ಬಣ್ಣ ಬಂತು ಅಂತ ಬರೆದಿಡು, ಅಕ್ಷರ ಹೇಗಿದ್ದರೂ ಪರವಾಗಿಲ್ಲ. ಕಬ್ಬು ಕಡಿದು ಎಷ್ಟು ದಿನವಾಗಿತ್ತು ಅನ್ನುವುದನ್ನೂ ಬರಿ, ಅದಕ್ಕೂ ಬಣ್ಣಕ್ಕೂ ನಂಟಿದೆಯಾ ಅಂತ ನಿನಗೇ ಕಾಣಬಹುದು. ಹೊಸ ಐಡಿಯಾ ಏನಾದರೂ ಹೊಳೆದರೆ ವಿಜ್ಞಾನದ ಮೇಷ್ಟ್ರಿಗೆ ಹೇಳಿ, ಶಾಲಾ ಮಕ್ಕಳ ಹೊಸ ಐಡಿಯಾಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಗೆ ಕಳಿಸಲು ಕೇಳು. ಆಯ್ಕೆಯಾದರೆ ಮಾಡೆಲ್ ಮಾಡಲು 10,000 ರೂಪಾಯಿ ಕೊಡುತ್ತಾರೆ.

ಹಾಲನ್ನು ತಣ್ಣಗಿದ್ದಾಗಲೇ ಪರೀಕ್ಷೆ ಮಾಡು. ಕುದಿಯುವ ಕೊಪ್ಪರಿಗೆ ಹತ್ತಿರ ಒಬ್ಬನೇ ಹೋಗಬೇಡ, ಅಪ್ಪನೂ ಜೊತೆಗಿರಲಿ.