ಷೇರಿಗಿಂತ ಡಿಬೆಂಚರ್ ಸುರಕ್ಷಿತವೇ ಎಂದು ಕೇಳಿದ ನಿಮಗೆ

ಕೈಯಲ್ಲಿ ಎರಡು ಲಕ್ಷ ರೂಪಾಯಿ ಇದೆ, ಷೇರೆಂದರೆ ಭಯ, ಹಣಕಾಸು ಕಂಪನಿಯೊಂದು ಬ್ಯಾಂಕಿಗಿಂತ ಹೆಚ್ಚು ಬಡ್ಡಿಯ ಡಿಬೆಂಚರ್ ಎಂಬ ಸಾಲಪತ್ರ ನೀಡುತ್ತಿದೆ, ಠೇವಣಿಯ ಬದಲು ಅದನ್ನು ಕೊಳ್ಳಲೇ ಎಂದು ಕೇಳಿದ್ದೀರಿ. 2018ರಲ್ಲಿ ದಾವಣಗೆರೆಯ ಏಜೆಂಟರೊಬ್ಬರನ್ನು ನಾನೂ ಇದನ್ನೇ ಕೇಳಿದ್ದೆ.

ನಿವೇಶನ ಮಾರಿದ ಹಣ ಆಗ ನಮ್ಮ ಬಳಿ ಇತ್ತು. ಆರನೇ ತರಗತಿಯಲ್ಲಿದ್ದ ಮಗಳ ಮುಂದಿನ ಓದಿಗೆಂದು ಅದನ್ನು ತೆಗೆದಿರಿಸಿದ್ದೆವು. ಷೇರಿನ ಸಹವಾಸ ಬೇಡವೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಏಜೆಂಟರು ತಂದ ಅರ್ಜಿಯಲ್ಲಿ ಮೂರು, ಐದು ಮತ್ತು ಏಳು ವರ್ಷಗಳ ಸರಣಿಗಳು ಒಂದೇ ಕೋಷ್ಟಕದಲ್ಲಿದ್ದವು. ಮೊದಲೆರಡರ ಪಕ್ಕ 'ಸೆಕ್ಯೂರ್ಡ್' (ಆಸ್ತಿಯ ಆಧಾರವುಳ್ಳದ್ದು) ಎಂದಿತ್ತು, ಏಳು ವರ್ಷದ್ದರ ಪಕ್ಕ 'ಅನ್‌ಸೆಕ್ಯೂರ್ಡ್, ಸಬಾರ್ಡಿನೇಟೆಡ್' ಎಂದಿತ್ತು. ಅದಕ್ಕೆ ಬಡ್ಡಿ ಮುಕ್ಕಾಲು ಶೇಕಡಾ ಹೆಚ್ಚು. ಅವಧಿ ದೀರ್ಘವಾದ್ದರಿಂದ ಬಡ್ಡಿಯೂ ಹೆಚ್ಚು ಎಂದು ನಾನೇ ಅರ್ಥ ಮಾಡಿಕೊಂಡು, ಮಗಳು ಪಿಯುಸಿ ಮುಗಿಸುವ ಹೊತ್ತಿಗೆ ಸರಿಯಾಗಿ ಹಣ ಬರುತ್ತದೆಂದು ಲೆಕ್ಕ ಹಾಕಿ, ಆ ಚೌಕಕ್ಕೆ ಗುರುತು ಹಾಕಿದೆ.

ನಾನು ಮಾಡಿದ ತಪ್ಪು ಅದೊಂದೇ. ಅದನ್ನು ಬಿಡಿಸಿ ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಅಡಗಿದೆ. ಡಿಬೆಂಚರ್ ಎಂದರೆ ಕಂಪನಿಗೆ ನಾವು ಕೊಡುವ ಸಾಲ. ಷೇರು ಎಂದರೆ ಕಂಪನಿಯ ಒಡೆತನದಲ್ಲಿ ಒಂದು ಪಾಲು. ಸಾಲ ಕೊಟ್ಟವರಿಗೆ ಮೊದಲು, ಒಡೆಯರಿಗೆ ಕೊನೆಗೆ ಎಂಬ ನಿಯಮ ನನಗೆ ಗೊತ್ತಿತ್ತು. ಆದರೆ ಸಾಲ ಕೊಟ್ಟವರಲ್ಲೇ ಮೇಲು ಕೆಳಗಿದೆ ಎಂಬುದು ಗೊತ್ತಿರಲಿಲ್ಲ. ಕಂಪನಿಯನ್ನು ಮುಚ್ಚಿ ಆಸ್ತಿ ಮಾರುವ ಪ್ರಸಂಗ ಬಂದರೆ, 2016ರ ದಿವಾಳಿ ಸಂಹಿತೆಯ 53ನೇ ಸೆಕ್ಷನ್ ಹಂಚಿಕೆಯ ಕ್ರಮವನ್ನು ಹೇಳುತ್ತದೆ: ಮೊದಲು ಪ್ರಕ್ರಿಯೆಯ ವೆಚ್ಚ, ನಂತರ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಆಸ್ತಿಯ ಆಧಾರ ಪಡೆದು ಸಾಲ ಕೊಟ್ಟವರು, ಆಮೇಲೆ ಉಳಿದ ನೌಕರರ ಬಾಕಿ, ಆಮೇಲೆ ಆಧಾರವಿಲ್ಲದೆ ಸಾಲ ಕೊಟ್ಟವರು, ಸರ್ಕಾರದ ಬಾಕಿ, ಇತರ ಸಾಲಗಳು, ಪ್ರಿಫರೆನ್ಸ್ ಷೇರುದಾರರು, ಎಲ್ಲರಿಗಿಂತ ಕೊನೆಗೆ ಸಾಮಾನ್ಯ ಷೇರುದಾರರು. 'ಸಬಾರ್ಡಿನೇಟೆಡ್' ಎಂಬ ಪತ್ರಕ್ಕೆ ಸಹಿ ಹಾಕಿದವರು, ಸಾಲ ಕೊಟ್ಟ ಇತರರ ಹಣ ತೀರಿದ ಮೇಲೆ ನಮ್ಮದನ್ನು ಕೊಡಿ ಎಂದು ತಾವೇ ಒಪ್ಪಿಕೊಂಡಿರುತ್ತಾರೆ. ನನಗೆ ಸಿಗುತ್ತಿದ್ದ ಆ ಮುಕ್ಕಾಲು ಶೇಕಡಾ, ಬಹುಪಾಲು, ಹಿಂದೆ ನಿಲ್ಲಲು ಒಪ್ಪಿದ್ದಕ್ಕೆ ಕೊಟ್ಟ ಬೆಲೆ. ಒಂದು ಲಕ್ಷಕ್ಕೆ ವರ್ಷಕ್ಕೆ 750 ರೂಪಾಯಿ. ಅಷ್ಟಕ್ಕಾಗಿ ಇಡೀ ಅಸಲನ್ನು ಪಣಕ್ಕಿಟ್ಟಿದ್ದೆ.

ಬಡ್ಡಿ ಕೆಲ ಕಾಲ ತಪ್ಪದೆ ಖಾತೆಗೆ ಬಂತು, ಆಮೇಲೆ ನಿಂತಿತು. ಡಿಬೆಂಚರ್ ಕೊಂಡವರ ಹಿತ ಕಾಯಲು ನೇಮಕವಾದ ಡಿಬೆಂಚರ್ ಟ್ರಸ್ಟಿಯಿಂದ ಪತ್ರ ಬಂತು, ದಿವಾಳಿ ಪ್ರಕ್ರಿಯೆ ಶುರುವಾಯಿತು, ನಾನೂ ನಮೂನೆ ತುಂಬಿ ಹಕ್ಕು ಮಂಡಿಸಿದೆ. ಆಧಾರವಿದ್ದ ಸರಣಿಯವರಿಗೆ ಅಸಲಿನ ಒಂದು ಭಾಗ ಮರಳಿತು. ನನ್ನ ಸರಣಿಗೆ ಬಂದದ್ದು ಒಂದು ಸೆಮಿಸ್ಟರಿನ ಶುಲ್ಕಕ್ಕೂ ಸಾಲಲಿಲ್ಲ.

ರೇಟಿಂಗ್, ಅಂದರೆ ಸಾಲ ತೀರಿಸುವ ಸಾಮರ್ಥ್ಯಕ್ಕೆ ಕೊಡುವ ದರ್ಜೆ, ಚೆನ್ನಾಗಿದೆ ಎಂದು ನಿಮ್ಮ ಏಜೆಂಟರೂ ಹೇಳಿರಬಹುದು. ಐಎಲ್ ಆಂಡ್ ಎಫ್‌ಎಸ್ ಎಂಬ ದೊಡ್ಡ ಸಂಸ್ಥೆಗೆ 2018ರ ಬೇಸಿಗೆಯಲ್ಲಿ ಅತ್ಯುನ್ನತವಾದ 'ಎಎಎ' ರೇಟಿಂಗ್ ಇತ್ತು. ಅದೇ ಸೆಪ್ಟೆಂಬರ್‌ನಲ್ಲಿ ಅದು ಸಾಲ ತೀರಿಸಲಾಗದ 'ಡಿ' ದರ್ಜೆಗೆ ಇಳಿದಿತ್ತು. ಇನ್ನೊಂದು ಮಾತು: ರೇಟಿಂಗ್ ಪಟ್ಟಿಯಲ್ಲಿ 'ಎ' ಎಂಬುದು ಮೂರನೆಯ ಮೆಟ್ಟಿಲು. ಶಾಲೆಯ ಅಂಕಪಟ್ಟಿಯ 'ಎ' ಎಂದು ತಿಳಿದು ಅದನ್ನು ಕೊಳ್ಳುವವರನ್ನು ನಾನು ಇಂದಿಗೂ ನೋಡುತ್ತಿದ್ದೇನೆ, ಮತ್ತು ನನಗೆ ತುಂಬಾ ನೋವಾಗುತ್ತದೆ.

ಆದ್ದರಿಂದ 'ಷೇರು ಅಪಾಯ, ಡಿಬೆಂಚರ್ ಸುರಕ್ಷಿತ' ಎಂಬ ನಿಮ್ಮ ವಿಂಗಡಣೆಯನ್ನೇ ನಾನು ಒಪ್ಪುವುದಿಲ್ಲ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನ 8,415 ಕೋಟಿ ರೂಪಾಯಿಯ 'ಎಟಿ-1' ಬಾಂಡುಗಳ (ಬ್ಯಾಂಕ್ ಸಂಕಟಕ್ಕೆ ಸಿಕ್ಕರೆ ಅಳಿಸಿಹಾಕಬಹುದಾದ ಸಾಲಪತ್ರಗಳು) ಮೌಲ್ಯವನ್ನು ಸೊನ್ನೆಗೆ ಇಳಿಸಲಾಯಿತು, ಆ ಬ್ಯಾಂಕಿನ ಷೇರುಗಳು ಮಾತ್ರ ಮಾರುಕಟ್ಟೆಯಲ್ಲಿ ಉಳಿದುಕೊಂಡವು. ಪ್ರಕರಣ ನ್ಯಾಯಾಲಯಕ್ಕೂ ಹೋಯಿತು. ಸಾಲ ಕೊಟ್ಟವರು ಒಡೆಯರಿಗಿಂತ ಮೊದಲೇ ಎಲ್ಲವನ್ನೂ ಕಳೆದುಕೊಳ್ಳುವಂಥ ಷರತ್ತು ಪತ್ರದೊಳಗೇ ಇರಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಬ್ಯಾಂಕ್ ಠೇವಣಿಯೊಂದಿಗೆ ಇದನ್ನು ಹೋಲಿಸುವುದು ಇನ್ನೂ ತಪ್ಪು. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಬಡ್ಡಿಯೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಕಂಪನಿಯ ಡಿಬೆಂಚರಿಗೆ ಅಂಥ ವಿಮೆ ಇಲ್ಲ. ಡಿಮ್ಯಾಟ್ ಖಾತೆಯಲ್ಲಿದೆ, ಷೇರು ವಿನಿಮಯ ಕೇಂದ್ರದಲ್ಲಿ ನೋಂದಾಯಿತವಾಗಿದೆ, ಬೇಕೆಂದಾಗ ಮಾರಬಹುದು ಎನ್ನುತ್ತಾರೆ. ಕಂಪನಿಯ ಬಗ್ಗೆ ಕೆಟ್ಟ ಸುದ್ದಿ ಬಂದ ವಾರ ನಾನು ಮಾರಲು ನೋಡಿದಾಗ, ಸಾವಿರ ರೂಪಾಯಿ ಮುಖಬೆಲೆಯ ಪತ್ರಕ್ಕೆ ಅರ್ಧ ಬೆಲೆ ಕೇಳುವವರು ಕೂಡ ಬೆರಳೆಣಿಕೆಯಷ್ಟಿದ್ದರು.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ: ಎರಡೇ ಲಕ್ಷ ಇರುವವರು ಒಂದೇ ಕಂಪನಿಗೆ ಸಾಲ ಕೊಡಬಾರದು. ಸಾಲ ಕೊಟ್ಟವರಿಗೆ ಸಿಗಬಹುದಾದ ಗರಿಷ್ಠ ಲಾಭ ಮೊದಲ ದಿನವೇ ನಿಗದಿಯಾಗಿರುತ್ತದೆ, ನಷ್ಟಕ್ಕೆ ಮಾತ್ರ ಅಸಲಿನವರೆಗೂ ದಾರಿ ಇರುತ್ತದೆ. ಹಾಗಾಗಿ ಹಲವರಿಗೆ ಹಂಚಿ ಕೊಡುವಷ್ಟು ಹಣವಿಲ್ಲದವರಿಗೆ ಇದು ಹೊಂದುವುದಿಲ್ಲ. ನಿಗದಿತ ದಿನಕ್ಕೆ ಬೇಕಾದ ಹಣವಾದರೆ ಬ್ಯಾಂಕ್ ಠೇವಣಿಯಲ್ಲಿಡಿ, ಇಲ್ಲವೇ ಆ ದಿನದ ಆಸುಪಾಸಿಗೆ ಅವಧಿ ಮುಗಿಯುವ ಸರ್ಕಾರಿ ಬಾಂಡ್ ಕೊಳ್ಳಿ. ರಿಸರ್ವ್ ಬ್ಯಾಂಕ್ 2021ರಲ್ಲಿ ಆರಂಭಿಸಿದ ರಿಟೇಲ್ ಡೈರೆಕ್ಟ್ ಖಾತೆಯನ್ನು ಶುಲ್ಕವಿಲ್ಲದೆ ತೆರೆಯಬಹುದು. ಹತ್ತು ವರ್ಷ ಮುಟ್ಟದಿರುವ ಹಣವಾದರೆ, ನೀವು ಹೆದರುತ್ತಿರುವ ಷೇರುಗಳನ್ನೇ, 50 ದೊಡ್ಡ ಕಂಪನಿಗಳಿಗೆ ಹಣ ಹಂಚುವ ನಿಫ್ಟಿ 50 ಇಂಡೆಕ್ಸ್ ಫಂಡಿನ ಮೂಲಕ ತಿಂಗಳಿಗಿಷ್ಟು ಎಂದು ಕೊಳ್ಳಿ. ಅಲ್ಲಿ ಬೆಲೆ ಏರಿಳಿಯುತ್ತದೆ, ಕೆಲವು ವರ್ಷ ಗಾಬರಿಯಾಗುವಷ್ಟು ಇಳಿಯುತ್ತದೆ, ಆದರೆ ಒಂದು ಕಂಪನಿ ಮುಳುಗಿದ ಮಾತ್ರಕ್ಕೆ ನಿಮ್ಮ ಗಂಟು ಕರಗುವುದಿಲ್ಲ.

ಇಷ್ಟಾದರೂ ಆ ಡಿಬೆಂಚರೇ ಬೇಕೆನಿಸಿದರೆ, ಏಜೆಂಟರು ಕೊಟ್ಟ ಬಣ್ಣದ ಹಾಳೆಯನ್ನು ಬದಿಗಿಟ್ಟು ಕಂಪನಿಯ ಪೂರ್ಣ ವಿವರಣಾ ಪತ್ರವಾದ ಪ್ರಾಸ್ಪೆಕ್ಟಸ್ ತೆರೆಯಿರಿ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಜಾಲತಾಣದಲ್ಲಿ ಸಿಗುತ್ತದೆ. ನೀವು ಗುರುತು ಹಾಕಲಿರುವ ಸರಣಿಗೆ ಯಾವ ಆಸ್ತಿಯ ಆಧಾರವಿದೆ, ಅದೇ ಆಸ್ತಿಯ ಮೇಲೆ ಬೇರೆ ಯಾರ ಹಕ್ಕಿದೆ, ನಿಮಗಿಂತ ಮೊದಲು ಹಣ ಪಡೆಯುವವರು ಯಾರು ಎಂಬ ಪುಟವನ್ನು ಏಜೆಂಟರೇ ತೋರಿಸಲಿ. ತೋರಿಸಲಾಗದಿದ್ದರೆ ಅರ್ಜಿಯನ್ನು ಸಹಿ ಹಾಕದೆ ಹಿಂದಿರುಗಿಸಿ.