ಕಾಳಿಂಗಕ್ಕೆ ಹೊಸ ಹೆಸರು ಬಂತು, ನಮಗೇನು ಬಂತು?

ಓದುಗರ ಪತ್ರ:

"ಕಳೆದ ಸಂಚಿಕೆಯಲ್ಲಿ ಕಾಳಿಂಗ ಸರ್ಪ ಒಂದಲ್ಲ, ನಾಲ್ಕು ಪ್ರಭೇದ ಎಂದು ವಿಜ್ಞಾನಿಗಳು ಕಂಡುಹಿಡಿದ ಸುದ್ದಿ ಓದಿದೆ. ನಮ್ಮ ತೋಟದಲ್ಲಿ ಅಜ್ಜನ ಕಾಲದಿಂದಲೂ ಕಾಳಿಂಗ ಓಡಾಡಿಕೊಂಡಿದೆ. ನಮಗೆ ಗೊತ್ತಿದ್ದದ್ದನ್ನೇ ಕಂಡುಹಿಡಿದೆವು ಅಂದರೆ ಏನರ್ಥ? ಹೆಸರು ಬದಲಾದ ಮಾತ್ರಕ್ಕೆ ಕಚ್ಚಿಸಿಕೊಂಡವರಿಗೆ ಔಷಧ ಬರುತ್ತದೆಯೇ? ನಮ್ಮ ದೊಡ್ಡಪ್ಪನಿಗೆ ಹಾವು ಕಚ್ಚಿದಾಗ ಬದುಕಿಸಿದ್ದು ನಾಟಿ ವೈದ್ಯರೇ. ಇನ್ನೊಂದು ಮಾತು. ಈ ಬೇಸಿಗೆಯಲ್ಲಿ ಕೊಟ್ಟಿಗೆ ಹತ್ತಿರ ಬಂದ ಕಾಳಿಂಗವನ್ನು ಹಿಡಿಸಿ ದೂರದ ಕಾಡಿಗೆ ಬಿಡಿಸಿದೆವು. ಪಕ್ಕದ ಮನೆಯವರು ಹಾಗೆ ಮಾಡಬಾರದಿತ್ತು ಅನ್ನುತ್ತಾರೆ. ಯಾವುದು ಸರಿ?"

ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಪತ್ರದಲ್ಲಿ ಸ್ವಲ್ಪ ಸಿಟ್ಟಿದೆ, ಅದಕ್ಕೆ ಕಾರಣವೂ ಇದೆ. ತಲೆಮಾರುಗಳಿಂದ ಹಾವಿನ ಜೊತೆಯಲ್ಲೇ ಬಾಳಿದವರಿಗೆ ಯಾರೋ ಬಂದು 'ನಿಮ್ಮಲ್ಲೊಂದು ಹಾವಿದೆ' ಎಂದರೆ ಹಾಗೆ ಅನಿಸುವುದು ಸಹಜ. ಆದರೆ ಈ ಸಂಶೋಧನೆ ಹೇಳಿದ್ದು ಬೇರೆಯೇ ಮಾತು. ನಿಮ್ಮ ಅಜ್ಜನಿಗೆ ತೋಟದ ಕಾಳಿಂಗ ಗೊತ್ತಿತ್ತು. ಸುಂದರಬನದ ಕಾಳಿಂಗ, ಜಾವಾದ ಕಾಳಿಂಗ, ಫಿಲಿಪ್ಪೀನ್ಸ್‌ನ ಕಾಳಿಂಗ ಇದೇ ಹಾವೋ ಬೇರೆಯೋ ಎಂಬುದು ಅಜ್ಜನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಮೊನ್ನೆ ಮೊನ್ನೆಯವರೆಗೆ ವಿಜ್ಞಾನಿಗಳಿಗೂ ಗೊತ್ತಿರಲಿಲ್ಲ.

ಥಿಯೋಡರ್ ಕ್ಯಾಂಟರ್ ಎಂಬ ಡ್ಯಾನಿಷ್ ವೈದ್ಯ 1836ರಲ್ಲಿ ಸುಂದರಬನದ ಕಡೆಯ ಹಾವನ್ನು ವರ್ಣಿಸಿ ಹೆಸರಿಟ್ಟ. ಅಲ್ಲಿಂದ 188 ವರ್ಷ ಆಗುಂಬೆಯ ಕಾಳಿಂಗಕ್ಕೂ ಮನಿಲಾದ ಕಾಳಿಂಗಕ್ಕೂ ಅದೇ ಒಂದು ಹೆಸರು ನಡೆದುಬಂತು. 2021ರಲ್ಲಿ ಹಾವು ಸಂಶೋಧಕ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಬೇರೆ ಬೇರೆ ದೇಶಗಳ ಕಾಳಿಂಗಗಳ ಡಿಎನ್‌ಎ ಜೊತೆಗಿಟ್ಟು ನೋಡಿದಾಗ ನಾಲ್ಕು ಪ್ರತ್ಯೇಕ ವಂಶಗಳು ಕಂಡವು. ಮ್ಯೂಸಿಯಂಗಳಲ್ಲಿ ಕಾದಿಟ್ಟ ಹಾವುಗಳ ಪಟ್ಟೆ, ಬಣ್ಣ, ಹುರುಪೆಗಳನ್ನೂ ಹೋಲಿಸಿದ ಮೇಲೆ, 2024ರ ಅಕ್ಟೋಬರ್‌ನಲ್ಲಿ ಸರೀಸೃಪ ತಜ್ಞ ಇಂದ್ರನೀಲ್ ದಾಸ್, ಗೌರಿಶಂಕರ್ ಮತ್ತಿತರರು ನಾಲ್ಕೂ ಬೇರೆ ಬೇರೆ ಪ್ರಭೇದಗಳೆಂದು ಅಧಿಕೃತವಾಗಿ ಪ್ರಕಟಿಸಿದರು. ಹಿಮಾಲಯದ ತಪ್ಪಲು, ಪೂರ್ವ ಭಾರತದಿಂದ ಇಂಡೋಚೀನಾದವರೆಗಿನದು ಹಳೆಯ ಹೆಸರನ್ನೇ ಉಳಿಸಿಕೊಂಡಿತು. ಮಲಯ, ಸುಮಾತ್ರಾ, ಬೋರ್ನಿಯೊ, ಜಾವಾದ್ದು ಇನ್ನೊಂದು. ಫಿಲಿಪ್ಪೀನ್ಸ್‌ನ ಲುಜಾನ್ ದ್ವೀಪದ್ದು ಮತ್ತೊಂದು, ಅದರ ಮೈಮೇಲೆ ಪಟ್ಟೆಯೇ ಇಲ್ಲ. ನಾಲ್ಕನೆಯದು ನಮ್ಮದು, ಓಫಿಯೋಫೇಗಸ್ ಕಾಳಿಂಗ. ಬೆಳೆದ ಹಾವಿನ ಮೈಮೇಲೆ ತಿಳಿ ಬಣ್ಣದ ಪಟ್ಟೆಗಳು 40 ಮೀರುವುದಿಲ್ಲ, ಉತ್ತರದ ಹಾವಿನಲ್ಲಿ 50ರಿಂದ 70 ಇರುತ್ತವೆ. ಕನ್ನಡದ ಹೆಸರು ಪ್ರಪಂಚದ ಜೀವಶಾಸ್ತ್ರದ ಪಟ್ಟಿಗೆ ಸೇರಿದ್ದು ನನಗಂತೂ ತುಂಬ ಸಂತೋಷ ಕೊಟ್ಟ ಸಂಗತಿ.

ಈ ಕೆಲಸದ ಬೇರು ನಿಮ್ಮ ತಾಲ್ಲೂಕಿನಲ್ಲೇ ಇದೆ. ಹಾವುಗಳ ತಜ್ಞ ರಾಮ್ಯುಲಸ್ ವಿಟೇಕರ್ ಆಗುಂಬೆಯಲ್ಲಿ ಮೊದಲ ಸಲ ಕಾಳಿಂಗ ಕಂಡದ್ದು 1971ರಲ್ಲಿ. 2005ರಲ್ಲಿ ಅವರು ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದರು. 2008ರಿಂದ ಹಾವಿನ ಮೈಯೊಳಗೆ ಪುಟ್ಟ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು, ಅದು ಎಲ್ಲಿ ಹೋಗುತ್ತದೆ, ಏನು ತಿನ್ನುತ್ತದೆ, ಯಾರ ಜೊತೆ ಕಾದಾಡುತ್ತದೆ ಎಂದು ಹಿಂದೆ ಹಿಂದೆಯೇ ನಡೆದು ಬರೆದಿಟ್ಟರು. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುವ ಆಗುಂಬೆಯ ಮಳೆಯಲ್ಲಿ, ಇಂಬಳ ಹತ್ತಿಸಿಕೊಂಡು, ಒಂದು ಹಾವಿನ ಬೆನ್ನು ಬಿಡದೆ ಸುತ್ತುವುದು ಎಂಥ ಕೆಲಸವೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ಕಾಳಿಂಗದ ಊಟ ಹೆಚ್ಚಾಗಿ ಬೇರೆ ಹಾವುಗಳೇ: ಕೇರೆ, ನಾಗರ, ಮರದ ಮೇಲಿನ ಮಲಬಾರ್ ಗುಳಿಮಂಡಲ. ಬೆದೆಯ ಕಾಲದಲ್ಲಿ ಎರಡು ಗಂಡುಗಳು ಹೆಣೆದುಕೊಂಡು ಒಂದರ ತಲೆಯನ್ನು ಇನ್ನೊಂದು ನೆಲಕ್ಕೊತ್ತಲು ನೋಡುತ್ತವೆ, ಕಚ್ಚುವುದಿಲ್ಲ.

ಇನ್ನು ಗೂಡಿನ ವಿಷಯ. ಎಲೆ ಒಟ್ಟುಗೂಡಿಸಿ ಗೂಡು ಕಟ್ಟುವ ಹಾವು ಜಗತ್ತಿನಲ್ಲಿ ಕಾಳಿಂಗ ಮಾತ್ರ. ಕೈಯಿಲ್ಲ, ಕಾಲಿಲ್ಲ. ಹೆಣ್ಣು ತನ್ನ ಮೈಯನ್ನೇ ಸುರುಳಿ ಮಾಡಿ ದರಗನ್ನು, ಬಿದಿರೆಲೆಯನ್ನು ಎಳೆದು ತಂದು, ಅಮುಕಿ, ರಾಶಿ ಮಾಡುತ್ತದೆ. ಹೊರಗೆ ಮುಂಗಾರು ಹೊಡೆಯುತ್ತಿದ್ದರೂ ಮೊಟ್ಟೆಗಳ ಮೇಲೆ ನೀರು ನಿಲ್ಲುವುದಿಲ್ಲ. ಇಪ್ಪತ್ತು ಮೂವತ್ತು ಮೊಟ್ಟೆಯಿಟ್ಟು, ವಾರಗಟ್ಟಲೆ ಊಟ ಬಿಟ್ಟು ಕಾವಲು ಕೂತು, ಮರಿಗಳು ಒಡೆದು ಬರುವ ಮುಂಚೆ ಜಾಗ ಖಾಲಿ ಮಾಡುತ್ತದೆ. ಇದನ್ನು ವಿಜ್ಞಾನಿಗಳಿಗೆ ತೋರಿಸಿಕೊಟ್ಟವರಲ್ಲಿ ಆಗುಂಬೆ ಸುತ್ತಮುತ್ತಲ ರೈತರೂ ಇದ್ದಾರೆ. ಗೂಡು ಕಂಡಾಗ ಹೇಳಿಕಳುಹಿಸಿದವರು, ತೋಟದೊಳಗೆ ಓಡಾಡಲು ಬಿಟ್ಟವರು, ಮೊಟ್ಟೆ ಒಡೆಯುವವರೆಗೆ ಆ ಮೂಲೆಯಲ್ಲಿ ಸೊಪ್ಪು ಕಡಿಯದೆ ಕಾದವರು ಅವರು. ನಿಮ್ಮಂಥವರ ತಿಳಿವಳಿಕೆಯನ್ನು ಬದಿಗಿಟ್ಟು ಈ ಕೆಲಸ ಆಗಿಲ್ಲ, ಆಗುವಂತೆಯೂ ಇರಲಿಲ್ಲ.

ಹೆಸರು ಬದಲಾದರೆ ನಮಗೇನು ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಇಲ್ಲಿಯತನಕ ಲೆಕ್ಕ ಹೇಗಿತ್ತೆಂದರೆ, ಮಲೆನಾಡಿನಲ್ಲಿ ಕಾಳಿಂಗ ಹೋದರೂ ಅಸ್ಸಾಮಿನಲ್ಲಿ, ಥಾಯ್ಲೆಂಡಿನಲ್ಲಿ ಉಳಿದಿರುತ್ತದೆ. ಈಗ ಆ ಲೆಕ್ಕ ನಡೆಯುವುದಿಲ್ಲ. ನಮ್ಮ ಹಾವು ಪಶ್ಚಿಮಘಟ್ಟ ಬಿಟ್ಟು ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ಕಾನುಗಳು ಕರಗಿ, ರಸ್ತೆಗಳು ಅಗಲವಾಗಿ, ಸೊಪ್ಪಿನ ಬೆಟ್ಟಗಳು ಅಡಿಕೆ ತೋಟಗಳಾಗಿ ಇಲ್ಲಿ ಅದಕ್ಕೆ ನೆಲೆ ತಪ್ಪಿದರೆ ಎಲ್ಲ ಕಡೆಯೂ ತಪ್ಪಿದಂತೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ಕಾಳಿಂಗವನ್ನು ಹುಲಿ, ಆನೆಗಳಿರುವ ಮೊದಲನೇ ಅನುಸೂಚಿಗೆ ಸೇರಿಸಿದೆ. ಕಾನೂನು ಇದ್ದರಾಯಿತೆಂದು ನಾನು ನಂಬುವವನಲ್ಲ. ಮಲೆನಾಡಿನಲ್ಲಿ ಕಾಳಿಂಗ ಇನ್ನೂ ಇದೆಯೆಂದರೆ ಅದಕ್ಕೆ ದೊಡ್ಡ ಕಾರಣ, ಕಂಡಲ್ಲಿ ಹೊಡೆಯದೆ ಕೈಮುಗಿದು ಪಕ್ಕಕ್ಕೆ ಸರಿಯುವ ನಮ್ಮ ಜನ.

ಔಷಧದ ವಿಷಯದಲ್ಲಿ ನಿಮಗೆ ನೇರವಾಗಿ ಹೇಳಬೇಕು. ಕಾಳಿಂಗದ ವಿಷಕ್ಕೆಂದೇ ನಮ್ಮ ದೇಶದಲ್ಲಿ ತಯಾರಾಗುವ ಪ್ರತಿವಿಷ ಇಲ್ಲ. ನಮ್ಮ ಆಸ್ಪತ್ರೆಗಳಲ್ಲಿರುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷವನ್ನು ಕುದುರೆಗೆ ಸ್ವಲ್ಪ ಸ್ವಲ್ಪವೇ ಚುಚ್ಚಿ, ಅದರ ರಕ್ತದಿಂದ ತೆಗೆದ ಮದ್ದು. ಥಾಯ್ಲೆಂಡಿನಲ್ಲಿ ಅಲ್ಲಿಯ ಕಾಳಿಂಗಕ್ಕೆ ಪ್ರತಿವಿಷ ಮಾಡುತ್ತಾರೆ. ಗೌರಿಶಂಕರ್ ಅವರನ್ನೇ 2005ರಲ್ಲಿ ಕಾಳಿಂಗ ಕಚ್ಚಿತ್ತು, ಆಗ ಕೊಟ್ಟ ಥಾಯ್ ಮದ್ದು ಸರಿಯಾಗಿ ಕೆಲಸ ಮಾಡಲಿಲ್ಲ. ಹಾಗಾದರೆ ಅಲ್ಲಿಯ ಹಾವೂ ಇಲ್ಲಿಯ ಹಾವೂ ಒಂದೇ ಹೌದೇ ಎಂಬ ಅನುಮಾನ ಅವರಲ್ಲಿ ಗಟ್ಟಿಯಾದದ್ದು ಅಲ್ಲಿಂದ. ಹೆಸರಿಗೂ ಔಷಧಕ್ಕೂ ಇರುವ ಸಂಬಂಧ ಇದೇ. ಯಾವ ಹಾವಿನ ವಿಷದಿಂದ ಮದ್ದು ಮಾಡಬೇಕೆಂದು ತಿಳಿಯದೆ ಮದ್ದು ಮಾಡಲಾಗದು.

ಆದರೂ ನೀವು ಕಾಳಿಂಗಕ್ಕೆ ಹೆದರಿ ನಿದ್ದೆ ಕೆಡಿಸಿಕೊಳ್ಳಬೇಡಿ. ಅದು ಮನುಷ್ಯರನ್ನು ಕಚ್ಚುವುದು ಬಹಳ ಅಪರೂಪ, ಕಚ್ಚಿಸಿಕೊಂಡವರಲ್ಲಿ ಹೆಚ್ಚಿನವರು ಅದನ್ನು ಹಿಡಿಯಲು ಹೋದವರು. ನಿಮ್ಮ ಮನೆಯವರಿಗೆ, ತೋಟದ ಕೆಲಸಕ್ಕೆ ಬರುವ ಹೆಂಗಸರಿಗೆ ನಿಜವಾದ ಅಪಾಯ ಇರುವುದು ದರಗಿನಡಿ, ಹಾಳೆ ಸೋಗೆಯ ರಾಶಿಯಡಿ ಕಾಣದಂತೆ ಮಲಗುವ ಸಣ್ಣ ಹಾವುಗಳಿಂದ. ಅದರಲ್ಲೂ ಮೂತಿಯ ತುದಿ ಮೇಲಕ್ಕೆ ಎದ್ದಿರುವ, ಗೇಣುದ್ದದಿಂದ ಮೊಳದುದ್ದದ ಕಂದು ಗುಳಿಮಂಡಲ ಘಟ್ಟದ ತೋಟಗಳಲ್ಲಿ ಸಾಮಾನ್ಯ. ಅದು ಕಚ್ಚಿದರೆ ಕೆಲವರಿಗೆ ರಕ್ತ ಹೆಪ್ಪುಗಟ್ಟದಂತಾಗಿ ಕಿಡ್ನಿಗೂ ಪೆಟ್ಟಾಗುತ್ತದೆ, ನಾಲ್ಕು ಹಾವುಗಳ ಮದ್ದು ಅದಕ್ಕೆ ನಾಟುವುದಿಲ್ಲ. ಕಾಳಿಂಗದ ಸುದ್ದಿ ಮುಖಪುಟಕ್ಕೆ ಬರುತ್ತದೆ, ಈ ಪುಟ್ಟ ಮಂಡಲದ ಸುದ್ದಿ ಎಲ್ಲೂ ಬರುವುದಿಲ್ಲ. ಇದು ನನ್ನನ್ನು ಬಹಳ ಕಾಡುವ ವಿಷಯ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ, ಅಂದರೆ ವರ್ಷಕ್ಕೆ ಸರಾಸರಿ ಸುಮಾರು 58,000. ಬಹುಪಾಲು ಹಳ್ಳಿಯವರು, ಬಹುಪಾಲು ಮಳೆಗಾಲದಲ್ಲಿ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಎಲ್ಲಿ ಎಷ್ಟು ಜನರಿಗೆ ಕಚ್ಚಿದೆ ಎಂಬ ಲೆಕ್ಕ ಸಿಕ್ಕರೆ ಮದ್ದು ಎಲ್ಲಿರಬೇಕೆಂಬುದೂ ತಿಳಿಯುತ್ತದೆ.

ಹೊಸ ಮದ್ದಿನ ಹುಡುಕಾಟ ನಡೆದೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ಪ್ರಯೋಗಾಲಯ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರು ಸೇರಿ, ನಾಗರ ಕುಟುಂಬದ ಹಾವುಗಳಲ್ಲಿರುವ (ಕಾಳಿಂಗ, ಕಟ್ಟುಹಾವುಗಳೂ ಇದೇ ಕುಟುಂಬ), ನಮ್ಮ ನರಗಳನ್ನು ಕಟ್ಟಿಹಾಕುವ ಒಂದು ಬಗೆಯ ವಿಷಕ್ಕೆ ಕುದುರೆಯ ಹಂಗಿಲ್ಲದ ಪ್ರತಿಕಾಯವನ್ನು, ಅಂದರೆ ವಿಷಕ್ಕೆ ಅಂಟಿಕೊಂಡು ಅದನ್ನು ಕೆಲಸ ಮಾಡದಂತೆ ತಡೆಯುವ ಪ್ರೋಟೀನನ್ನು, ತಯಾರಿಸಿ 2024ರಲ್ಲಿ ಪ್ರಕಟಿಸಿದರು. 2025ರ ಮೇ ತಿಂಗಳಲ್ಲಿ ಅಮೆರಿಕದ ಇನ್ನೊಂದು ತಂಡ ಎರಡು ಪ್ರತಿಕಾಯ, ಒಂದು ಔಷಧ ಬೆರೆಸಿದ ಮಿಶ್ರಣವನ್ನು ಅದೇ ಕುಟುಂಬದ 19 ಹಾವುಗಳ ವಿಷದ ಮೇಲೆ ಪರೀಕ್ಷಿಸಿತು. 13ರಿಂದ ಪೂರ್ತಿ ರಕ್ಷಣೆ, ಉಳಿದ 6ರಿಂದ ಅರೆಬರೆ. ಎರಡೂ ಸದ್ಯ ಇಲಿಗಳ ಮೇಲಿನ ಪ್ರಯೋಗಗಳು. ಮಂಡಲಗಳ ವಿಷದ ಸ್ವಭಾವವೇ ಬೇರೆ, ಅದಕ್ಕೆ ಇವು ಸಾಲುವುದಿಲ್ಲ. ಆಸೆ ಇಟ್ಟುಕೊಳ್ಳೋಣ, ಆದರೆ ಇವತ್ತು ಕಚ್ಚಿಸಿಕೊಂಡವರಿಗೆ ಇವತ್ತಿನ ಆಸ್ಪತ್ರೆಯೇ ದಾರಿ.

ನಿಮ್ಮ ದೊಡ್ಡಪ್ಪ ಬದುಕಿದ್ದು ನನಗೂ ಸಂತೋಷ. ಅವರಿಗೆ ಕಚ್ಚಿದ್ದು ಯಾವ ಹಾವು ಎಂದು ಪತ್ರದಲ್ಲಿಲ್ಲ. ನಮ್ಮ ಸುತ್ತಲಿನ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ, ವಿಷದ ಹಾವು ಕೂಡ ಎಷ್ಟೋ ಸಲ ವಿಷ ಬಿಡದೆ ಒಣಕಡಿತ ಕಚ್ಚುತ್ತದೆ. ಅಂಥವರು ಬೇರು ತೇಯ್ದು ಕುಡಿದರೂ ಬದುಕುತ್ತಾರೆ, ಬರೀ ನೀರು ಕುಡಿದರೂ ಬದುಕುತ್ತಾರೆ. ನಾಟಿ ವೈದ್ಯರ ಸೊಪ್ಪು ಬೇರುಗಳ ಜ್ಞಾನದ ಬಗ್ಗೆ ನನಗೆ ಗೌರವವಿದೆ, ಬೇರೆ ಕಾಯಿಲೆಗಳಿಗೆ ಅವರ ಬಳಿ ಹೋಗುವವರನ್ನು ನಾನು ತಡೆಯುವುದಿಲ್ಲ. ಹಾವು ಕಡಿತಕ್ಕೆ ಮಾತ್ರ ಕೈಮುಗಿದು ಬೇಡುತ್ತೇನೆ, ಅಲ್ಲಿ ಒಂದು ಗಳಿಗೆಯನ್ನೂ ಕಳೆಯಬೇಡಿ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಟ್ಟು ಹೀರಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆದು, ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು, ನಡೆಸದೆ, 108ಕ್ಕೆ ಕರೆ ಮಾಡಿ. ವಾಹನ ತಡವಾಗುವಂತಿದ್ದರೆ ಸಿಕ್ಕ ಜೀಪಿನಲ್ಲಿ ಹೊರಡಿ. ಕಾಳಿಂಗವಾಗಲಿ ಕಟ್ಟುಹಾವಾಗಲಿ, ಉಸಿರಾಟ ನಿಲ್ಲುವ ಹೊತ್ತಿಗೆ ವೆಂಟಿಲೇಟರ್ ಸಿಕ್ಕಿದರೆ ಬದುಕುವ ದಾರಿ ಇದೆ.

ಕೊಟ್ಟಿಗೆಯ ಹತ್ತಿರ ಬಂದ ಕಾಳಿಂಗದ ಬಗ್ಗೆ ನಿಮ್ಮ ಪಕ್ಕದ ಮನೆಯವರ ಮಾತೇ ಸರಿ. ನೀವು ಕೊಲ್ಲಲಿಲ್ಲ, ಒಳ್ಳೆಯ ಮನಸ್ಸಿನಿಂದಲೇ ಬಿಡಿಸಿದಿರಿ. ಆದರೆ ಆಗುಂಬೆಯಲ್ಲೇ ರೇಡಿಯೊ ಇಟ್ಟು ನೋಡಿದಾಗ, ಹಿಡಿದು ದೂರ ಬಿಟ್ಟ ಗಂಡು ಕಾಳಿಂಗ ತನ್ನ ಜಾಗದಲ್ಲೇ ಇದ್ದ ಗಂಡಿಗಿಂತ ಬಹಳ ಹೆಚ್ಚು ದೂರ ಅಲೆಯಿತು. ತನ್ನ ನೀರು, ತನ್ನ ಬಿಲ, ತನ್ನ ಬೇಟೆಯ ಜಾಗ ತಿಳಿದಿದ್ದ ಹಾವು ಗೊತ್ತಿಲ್ಲದ ಊರಿನಲ್ಲಿ ರಸ್ತೆ ದಾಟುತ್ತದೆ, ಗೊತ್ತಿಲ್ಲದ ಮನೆಗಳ ಹತ್ತಿರ ಹೋಗುತ್ತದೆ. ಬೇಸಿಗೆಯಲ್ಲಿ ಬಂದದ್ದು ಬಹುಶಃ ಹೆಣ್ಣನ್ನು ಹುಡುಕಿಯೋ ಕೇರೆಯ ಬೆನ್ನು ಹತ್ತಿಯೋ ಬಂದಿರಬೇಕು. ಹೆಚ್ಚಿನ ಸಲ ತಾನೇ ಹೊರಟುಹೋಗುತ್ತದೆ. ಮುಂದಿನ ಸಲ ನಾಯಿ ಕಟ್ಟಿ, ಮಕ್ಕಳನ್ನು ಒಳಗೆ ಕರೆದು, ದೂರದಿಂದ ಕಣ್ಣಿಟ್ಟು ನೋಡಿ. ಮನೆಯೊಳಗೇ ಸೇರಿಕೊಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಬಂದವರಿಗೆ ಇದೇ ಕಾಡಿನ ಅಂಚಿನಲ್ಲಿ, ಹತ್ತಿರದಲ್ಲೇ ಬಿಡಿ ಎಂದು ಕೇಳಿ. ಫೋಟೊಗೆಂದು ಅದನ್ನು ಎತ್ತಿ ಆಡಿಸುವವರನ್ನು ಅಂಗಳಕ್ಕೆ ಸೇರಿಸಬೇಡಿ.

ಮಳೆ ಹಿಡಿಯುವ ಮುಂಚೆ ಇನ್ನೊಂದು ಕೆಲಸ ಮಾಡಿ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಹಾವಿನ ಪ್ರತಿವಿಷ ಎಷ್ಟು ವಯಲ್ ಇದೆ, ರಾತ್ರಿ ಹೊತ್ತು ಅದನ್ನು ಕೊಡುವವರು ಯಾರಿರುತ್ತಾರೆ, ಅಲ್ಲಿಂದ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ ಎಂದು ಕೇಳಿ ಬರೆದುಕೊಳ್ಳಿ. ಸಿಕ್ಕ ಉತ್ತರವನ್ನು ನಮಗೂ ಕಳುಹಿಸಿ, ಈ ಪತ್ರ ಓದಿದ ಬೇರೆ ಊರಿನವರೂ ಕಳುಹಿಸಿದರೆ ಅವನ್ನೆಲ್ಲ ಒಟ್ಟಿಗೆ ಪ್ರಕಟಿಸುತ್ತೇವೆ.